ಬಾರದೆ ಉಳಿದ ಅತಿಥಿ



ನನ್ನ ಪತ್ನಿ ತೀರಿಕೊಂಡ ಮೇಲೆ ಏಳೆಂಟು ತಿಂಗಳು ನಾನು ಆಪ್ತಸಲಹೆ ಪಡೆದ ಸಂಗತಿ ನಿಮ್ಮಲ್ಲಿ ಕೆಲವರಿಗಷ್ಟೇ ಗೊತ್ತು. ಜಯನಗರದ ನಮ್ಮ ಮನೆಗೆ ಸಮೀಪದ ಆಸ್ಪತ್ರೆಯೊಂದರಲ್ಲಿ, ನನ್ನ ಮಗಳ ವಯಸ್ಸಿನ ಸಲಹೆಗಾರ್ತಿಯೊಬ್ಬರು ಪ್ರತಿ ಗುರುವಾರ ನನ್ನ ಅಳಲನ್ನು ಕೇಳುತ್ತಿದ್ದರು. ಕ್ರಮೇಣ ನಿದ್ರೆ ಮರಳಿತು, ಊಟ ರುಚಿಸಿತು. “ಇನ್ನು ಬರುವ ಅಗತ್ಯವಿಲ್ಲ ಸರ್” ಎಂದು ಅವರೇ ಹರಸಿ ಕಳುಹಿಸಿದರು.

ಕೆಲವು ತಿಂಗಳ ನಂತರ ಮೊಮ್ಮಗಳ ನಾಮಕರಣ. ಸೊಸೆಯೊಡನೆ ಹೋಗಿ, ಹಣ್ಣು, ಎಲೆ ಅಡಿಕೆಯ ಜೊತೆಗೆ ರೇಷ್ಮೆ ಸೀರೆಯೊಂದನ್ನಿಟ್ಟು ಅವರನ್ನು ಆಮಂತ್ರಿಸಿದೆ. ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು, ಸೀರೆಯನ್ನು ಹಿಂದಿರುಗಿಸಿದರು. “ನೀವು ಕರೆದದ್ದೇ ನನಗೆ ಸಂತೋಷ ಸರ್. ಆದರೆ ನಾನು ಬರುವುದಿಲ್ಲ. ಮುಂದೆಂದಾದರೂ ನಿಮಗೆ ಈ ಕೋಣೆ ಮತ್ತೆ ಬೇಕಾಗಬಹುದು” ಎಂದರು.

ನನಗೆ ಬಹಳ ನೋವಾಯಿತು. ಅಂದು ಸಂಜೆ ಮಾಧವನ್ ಪಾರ್ಕಿನಲ್ಲಿ ಒಬ್ಬನೇ ಕುಳಿತು, ನಾನು ಮಾಡಿದ ತಪ್ಪಾದರೂ ಏನು ಎಂದು ಚಿಂತಿಸಿದೆ.

ಮೇಷ್ಟರ ಬುದ್ಧಿಯಲ್ಲವೇ, ಪುಸ್ತಕ ತೆರೆದು ನೋಡಿದೆ. ನಮ್ಮ ವೈದ್ಯರಿಗೆ ಅನ್ವಯಿಸುವ 2002ರ ವೃತ್ತಿನೀತಿ ನಿಯಮಗಳು ರೋಗಿಯೊಡನೆ ಅನುಚಿತ ಸಂಬಂಧವನ್ನು ನಿಷೇಧಿಸುತ್ತವೆ. ಅಮೆರಿಕದ ಮನೋವೈದ್ಯರ ಸಂಘವು ಮಾಜಿ ರೋಗಿಯೊಡನೆಯೂ ದೈಹಿಕ ಸಂಬಂಧ ಸಲ್ಲದೆನ್ನುತ್ತದೆ; ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘವು ಚಿಕಿತ್ಸೆ ಮುಗಿದು ಕನಿಷ್ಠ 2 ವರ್ಷ ಕಳೆಯುವವರೆಗೂ ಅದನ್ನು ನಿಷೇಧಿಸಿದೆ, ಆಮೇಲೂ ಅತಿ ಅಪರೂಪಕ್ಕಷ್ಟೇ ಅವಕಾಶವೆನ್ನುತ್ತದೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಸುನೀತಾ ಸೈಮನ್ ಕುರ್ಪಾಡ್ ಮತ್ತು ಸಂಗಡಿಗರು 2010ರಲ್ಲಿ, ಭಾರತದಲ್ಲಿ ಈ ಎಲ್ಲೆ ಮೀರುವ ಬಗ್ಗೆ ಲೇಖನವೊಂದನ್ನು ಪ್ರಕಟಿಸಿದರು. ಎಲ್ಲರ ಕಣ್ಣೆದುರಿಗಿದ್ದರೂ ಯಾರೂ ಮಾತೆತ್ತದ ಕೋಣೆಯೊಳಗಿನ ಆನೆ ಇದೆಯೇ ಎಂಬುದೇ ಅದರ ಶೀರ್ಷಿಕೆಯ ಪ್ರಶ್ನೆ.

ಆದರೆ ಇವೆಲ್ಲ ಘೋರ ತಪ್ಪುಗಳ ಮಾತಾಯಿತು. ನಾಮಕರಣದ ಹೋಳಿಗೆ ಊಟದಲ್ಲಿ ಅಂಥದ್ದೇನಿತ್ತು?

ಉತ್ತರ ಸಿಕ್ಕಿದ್ದು ನನ್ನದೇ ವೃತ್ತಿಯಲ್ಲಿ. ಹಿಂದೊಮ್ಮೆ ಮನೆ ಸಾಲಕ್ಕೆಂದು ಬನಶಂಕರಿಯ ಬ್ಯಾಂಕಿಗೆ ಹೋದಾಗ, ಮ್ಯಾನೇಜರ್ ಕುರ್ಚಿಯಲ್ಲಿದ್ದವನು ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡೊಡನೆ ಹತ್ತನೆಯ ತರಗತಿಯ ಹುಡುಗನಂತೆ ಎದ್ದು ನಿಂತ. ನಾನು ಕಾಫಿ ಕುಡಿದು, ಕುಶಲ ವಿಚಾರಿಸಿ, ಸಾಲದ ಮಾತೆತ್ತದೆ ಹೊರಬಂದು ಬೇರೆ ಬ್ಯಾಂಕಿಗೆ ಅರ್ಜಿ ಹಾಕಿದೆ. ನನಗೆ ‘ಇಲ್ಲ’ ಎನ್ನುವುದು ಅವನಿಂದ ಸಾಧ್ಯವಿರಲಿಲ್ಲ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ನಾನು ಅವನಿಗೆ ಮೇಷ್ಟರೇ. ಹಾಗೆಯೇ ಚಿಕಿತ್ಸೆ ಮುಗಿದರೂ ನಾನು ಆ ತಾಯಿಯ ಮುಂದೆ ಸಮಾನನಾಗಿರಲಿಲ್ಲ. ನನ್ನ ಮನದ ಮೂಲೆಮೂಲೆ ಅವರಿಗೆ ಗೊತ್ತಿತ್ತು. ಅವರ ಮನೆ ಯಾವ ಬೀದಿಯಲ್ಲಿದೆ ಎಂಬುದೂ ನನಗೆ ತಿಳಿದಿರಲಿಲ್ಲ.

ಮರುವರ್ಷದ ಆಷಾಢದಲ್ಲಿ ನಿದ್ರೆ ಮತ್ತೆ ದೂರವಾಯಿತು. ಹಿಂಜರಿಯುತ್ತಲೇ ಹೋದೆ. ಅದೇ ಕೋಣೆ, ಅದೇ ಕುರ್ಚಿ, ಅದೇ ಶಾಂತ ಮುಖ. ಪತ್ನಿಯ ಕೊನೆಯ ದಿನಗಳ ಬಗ್ಗೆ ಯಾರಿಗೂ ಹೇಳದಿದ್ದ ಮಾತೊಂದನ್ನು ಅಂದು ಅವರಿಗೆ ಹೇಳಿದೆ. ಅವರು ನಾಮಕರಣಕ್ಕೆ ಬಂದು, ನನ್ನ ಸೊಸೆ ಬಡಿಸಿದ್ದನ್ನು ಉಂಡು, ಗೋಡೆಯ ಮೇಲಿನ ಹಾರ ಹಾಕಿದ ಚಿತ್ರಕ್ಕೆ ಕೈಮುಗಿದು ಹೋಗಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಅದೇನೆಂದು ಇಲ್ಲಿ ಬರೆಯಲಾರೆ. ನೀವೆಲ್ಲ ನಮ್ಮ ಮನೆಯಲ್ಲಿ ಊಟ ಮಾಡಿದವರು.

ನಿಮ್ಮಲ್ಲಿ ಹಲವರು ಈಗ ವೈದ್ಯರು, ದಾದಿಯರು. ಕೃತಜ್ಞತೆಯಿಂದ ಕರೆದವರ ಮನೆಗೆ ಹೋಗಲಾಗದೆ ಸಂಕಟಪಡುವಾಗ ಈ ಮುದುಕನನ್ನು ನೆನೆಯಿರಿ. ಅಂದು ನೊಂದುಕೊಂಡವನೇ ಇಂದು ಆ ನಿರಾಕರಣೆಗೆ ಋಣಿಯಾಗಿದ್ದಾನೆ. ರೇಷ್ಮೆ ಸೀರೆಯನ್ನು ಸೊಸೆ ಉಡುತ್ತಿದ್ದಾಳೆ.