ನನ್ನ ಪಾಲು

10 ಏಪ್ರಿಲ್ 2016, ಭಾನುವಾರ

ಯುಗಾದಿಗೆಂದು ಕೊಟ್ಟಿದ್ದ ರವಿಕೆ ಹಬ್ಬ ಕಳೆದು ಎರಡು ದಿನಕ್ಕೆ ಕೈಗೆ ಬಂತು. ಯಶವಂತಪುರದ ಟೈಲರ್ ₹150 ತೊಗೊಂಡ. "ಗಾರ್ಮೆಂಟ್ಸ್‌ಗೆ ಹೋಗ್ತೀರ, ನೀವೇ ಹೊಲ್ಕೋಬಾರ್ದೇನಕ್ಕಾ?" ಅಂದ.

ಏನು ಹೇಳಲಿ? ಮಧುಗಿರಿಯಲ್ಲಿ ಅಮ್ಮನ ಮೆಷಿನ್ ಮೇಲೆ ಲಂಗ, ರವಿಕೆ, ತಮ್ಮನ ಚಡ್ಡಿ ಎಲ್ಲ ನಾನೇ ಕತ್ತರಿಸಿ ಹೊಲಿದವಳು. ಗೊರಗುಂಟೆಪಾಳ್ಯದ ಫ್ಯಾಕ್ಟರಿ ಸೇರಿ 11 ವರ್ಷ. ಹೊಲಿದದ್ದು ಬರೀ ಕಫ್. ಕಾಲರಿಗೊಬ್ಬಳು, ಜೇಬಿಗೊಬ್ಬಳು, ಕಾಜಾಕ್ಕೆ ಇನ್ನೊಬ್ಬಳು. ಭಾನುವಾರ ಬಂದರೆ ಮೆಷಿನ್ ಸದ್ದೇ ಬೇಡ ಅನ್ನಿಸುತ್ತೆ.

13 ಏಪ್ರಿಲ್, ಬುಧವಾರ

ಪ್ಯಾಕಿಂಗಿಗೆ ಜನ ಸಾಲದು ಅಂತ ಎರಡು ಗಂಟೆ ನನ್ನನ್ನು ಅಲ್ಲಿಗೆ ಹಾಕಿದರು. ಇಸ್ತ್ರಿಯಾದ ಇಡೀ ಶರ್ಟು ಕೈಗೆ ಸಿಕ್ಕಿತು. ಚೀಟಿಯಲ್ಲಿ 30 ಡಾಲರ್. ಮಗ ಲೆಕ್ಕ ಹಾಕಿ ಹೇಳಿದ, ಹತ್ತಿರ ಹತ್ತಿರ ₹2,000. ಪಿ.ಎಫ್., ಇ.ಎಸ್.ಐ. ಕಳೆದು ನನ್ನ ಕೈಗೆ ಬರುವುದು ತಿಂಗಳಿಗೆ ₹6,000. ಮೂರು ಶರ್ಟು! ಟಾರ್ಗೆಟ್ ಗಂಟೆಗೆ 60 ಪೀಸ್. ಮೂರು ಶರ್ಟಿನ ಕಫ್ ಕೂರಿಸುವುದು ಮೂರೇ ನಿಮಿಷದ ಕೆಲಸ. ಬಟ್ಟೆ, ದಾರ, ಕರೆಂಟು, ಹಡಗು, ಅಂಗಡಿ ಎಲ್ಲಕ್ಕೂ ಖರ್ಚಿದೆ, ಇಲ್ಲ ಅನ್ನಲ್ಲ. ಆದರೂ ಮಿಕ್ಕ ದಿನಗಳ ಶರ್ಟುಗಳು ಕಣ್ಣ ಮುಂದೆ ರಾಶಿ ಬೀಳುತ್ತವೆ.

18 ಏಪ್ರಿಲ್, ಸೋಮವಾರ

ಬೊಮ್ಮನಹಳ್ಳಿಯಲ್ಲಿ ಹೆಂಗಸರು ಹೊಸೂರು ರಸ್ತೆಗೇ ಇಳಿದಿದ್ದಾರೆ. ಪಿ.ಎಫ್. ವಿಷಯ. ಫೆಬ್ರವರಿ 10ರ ಆದೇಶದಂತೆ, ಕೆಲಸ ಬಿಟ್ಟರೆ ನಾವು ಕಟ್ಟಿದ್ದೂ ಅದರ ಬಡ್ಡಿಯೂ ಮಾತ್ರ ಸಿಗುವುದಂತೆ. ಮಾಲೀಕರ ಪಾಲು 58 ವರ್ಷ ತುಂಬಿದ ಮೇಲೆ. ನಮ್ಮ ಲೈನಿನಲ್ಲಿ 45 ದಾಟಿದವರೇ ಇಲ್ಲ. ಕಣ್ಣು ಮಂಜಾಗಿ, ಸೊಂಟ ಹಿಡಿದು ಪ್ರೊಡಕ್ಷನ್ ಬರದಿದ್ದರೆ ರಾಜೀನಾಮೆ ಬರೆಸಿಕೊಳ್ಳುತ್ತಾರೆ. ಪಿ.ಎಫ್. ನಮಗೆ ಮುದಿತನದ ಗಂಟಲ್ಲ. ಮಕ್ಕಳ ಫೀಸು, ಮದುವೆ, ಸಾಲದವರ ಬಾಯಿ ಮುಚ್ಚಿಸುವ ದುಡ್ಡು. ಅದನ್ನು ತೆಗೆಯಲೆಂದೇ ಎಷ್ಟೋ ಜನ ಕೆಲಸ ಬಿಟ್ಟು, ಮತ್ತೆ ಬೇರೆ ಕಡೆ ಹೊಸಬರಾಗಿ ಸೇರುತ್ತಾರೆ.

ಮಾಲೀಕರ ಪಾಲು ಅನ್ನುತ್ತಾರೆ. ಅದೂ ನಾವು ಹೊಲಿದ ಶರ್ಟಿನಿಂದಲೇ ಬಂದದ್ದಲ್ಲವೇ?

19 ಏಪ್ರಿಲ್, ಮಂಗಳವಾರ

ಪಕ್ಕದ ಫ್ಯಾಕ್ಟರಿಯವರು ಬಂದು ಗೇಟು ಬಡಿದರು. ಮೊದಲು ಮೆಷಿನ್ ನಿಲ್ಲಿಸಿದವರು ಯಾರೋ ಗೊತ್ತಿಲ್ಲ. ತುಮಕೂರು ರಸ್ತೆಯಲ್ಲಿ, ಮೆಟ್ರೋ ಕಂಬಗಳ ಕೆಳಗೆ, ತಲೆಯೋ ತಲೆ. ಪೀಣ್ಯ, ಜಾಲಹಳ್ಳಿ ಕ್ರಾಸಿನಲ್ಲೂ ಹಾಗೇ. ಯೂನಿಯನ್ನು ಕರೆದದ್ದಲ್ಲ, ಮುಂದಾಳು ಅಂತ ಯಾರೂ ಇರಲಿಲ್ಲ. ಕಾಲರ್ ಹೊಲಿಯುವ ಹುಡುಗಿ ಶಿರಾದವಳಂತೆ. ನಾಲ್ಕು ತಿಂಗಳಿಂದ ನನ್ನ ಬೆನ್ನ ಹಿಂದೆಯೇ ಕೂರುತ್ತಾಳೆ, ಊರು ಕೇಳಿದ್ದು ಇವತ್ತು.

ಆಮೇಲೆ ಕಲ್ಲು, ಲಾಠಿ, ಅಶ್ರುವಾಯು. ಬಸ್ಸುಗಳಿಗೆ ಬೆಂಕಿ ಬಿತ್ತು. ಬಸ್ಸಿನ ಕಂಡಕ್ಟರೂ ಸಂಬಳಕ್ಕೆ ದುಡಿಯುವವನೇ, ಹೊಟ್ಟೆ ಉರಿಯಿತು. ಕಾಲರ್ ಹುಡುಗಿಯ ಕೈ ಹಿಡಿದು ಗಲ್ಲಿ ಗಲ್ಲಿ ಓಡಿ ಮನೆ ಸೇರಿದೆ. ರಾತ್ರಿ ಟಿ.ವಿ.ಯಲ್ಲಿ ಬಂತು: ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ವಾಪಸ್ ತೊಗೊಂಡಿದ್ದಾರೆ. ಮಗ ಶಿಳ್ಳೆ ಹೊಡೆದ. ನನಗೆ ಅಳು ಬಂತು.

21 ಏಪ್ರಿಲ್, ಗುರುವಾರ

ನಿನ್ನೆ ಫ್ಯಾಕ್ಟರಿ ಮುಚ್ಚಿತ್ತು. ಇವತ್ತು ಎಲ್ಲರೂ ಬಂದಿದ್ದರು. ಕಾಲರ್ ಹುಡುಗಿ ಊಟದಲ್ಲಿ ಚಟ್ನಿಪುಡಿ ಕೊಟ್ಟಳು. ಪಿ.ಎಫ್. ಉಳಿಯಿತು, ಅದು ಸಣ್ಣದಲ್ಲ. ಸೂಪರ್‌ವೈಸರ್ ಏನೂ ಅನ್ನಲಿಲ್ಲ, ಬೋರ್ಡಿನಲ್ಲಿ ಬರೆದರು ಅಷ್ಟೆ. ಹೋದ ಎರಡು ದಿನಕ್ಕೆ ಎರಡು ಭಾನುವಾರ ಕೆಲಸ, ಓ.ಟಿ. ಇಲ್ಲ. ಟಾರ್ಗೆಟ್ 60 ಇದ್ದದ್ದು 65 ಆಗಿದೆ.