ಎಡಕಲ್ಲು ನೋಡೋಕೆ ಬರುವವರಿಗೆ

ಮೈಸೂರು ಕಡೆಯಿಂದ ನಮ್ಮ ವಯನಾಡಿಗೆ ಬರೋ ನೆಂಟರು ಮೊದಲು ಕೇಳೋದೇ ಎಡಕಲ್ಲು. ಭಾರತೀಸುತರ ಕಾದಂಬರಿ, ಅದರ ಮೇಲೆ 1973ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಸಿನಿಮಾ, ಇವೆರಡರಿಂದ ಆ ಗುಡ್ಡದ ಹೆಸರು ಕನ್ನಡದವರ ಬಾಯಲ್ಲಿ ನಿಂತುಬಿಟ್ಟಿದೆ. ಹೋಗಲಿ, ನೋಡಲಿ. ಬಂಡೆಗಳ ಎಡೆಯಲ್ಲಿ ಸಿಕ್ಕಿಕೊಂಡ ಕಲ್ಲು, ಗೋಡೆ ತುಂಬ ಸಾವಿರಾರು ವರ್ಷದ ಹಿಂದೆ ಕೊರೆದ ಮನುಷ್ಯರು, ಪ್ರಾಣಿಗಳು. ಹತ್ತೋವಾಗ ಮಂಡಿನೋವು ಮಾತ್ರ ಗ್ಯಾರಂಟಿ.

ಬತ್ತೇರಿಯ ಜೈನ ಬಸದಿ ಮುಂದೆ ಒಂದು ಗಳಿಗೆ ನಿಲ್ಲಿಸ್ತೀನಿ. ಟಿಪ್ಪು ಅಲ್ಲಿ ಮದ್ದುಗುಂಡು ಇಟ್ಟ ಮೇಲೆ ಊರು ಸುಲ್ತಾನ್ ಬತ್ತೇರಿ ಆಯ್ತು. ಮುಂಚೆ ಅದಕ್ಕೆ ಹನ್ನೆರಡು ಬೀದಿ ಅಂತಲೂ ಅಂತಿದ್ದರು. ಅಚ್ಚ ಕನ್ನಡದ ಹೆಸರು ನೋಡಿ!

ಆದರೆ ಬರೋದಾದರೆ ಮಾರ್ಚ್ ತಿಂಗಳಲ್ಲಿ ಬನ್ನಿ ಅಂತೀನಿ ನಾನು. ಮಾನಂದವಾಡಿ ಹತ್ತಿರ ವಳ್ಳಿಯೂರ್‌ಕಾವಿನಲ್ಲಿ 14 ದಿನ ಉತ್ಸವ. ಈಗ ಬಳೆ ಅಂಗಡಿ, ತೊಟ್ಟಿಲು, ಐಸ್‌ಕ್ರೀಮು. ಹಿಂದೆ ಇದೇ ಜಾತ್ರೆಯಲ್ಲಿ ಜಮೀನ್ದಾರರು ಪಣಿಯರನ್ನೂ ಅಡಿಯರನ್ನೂ ಒಂದು ವರ್ಷದ ಜೀತಕ್ಕೆ ಗೊತ್ತು ಮಾಡ್ತಿದ್ದರು. ಮುಂಗಡ ಕೊಡೋ ಕಾಸಿಗೆ ನಿಲ್ಪುಪಣ ಅಂತ ಹೆಸರು. ದೇವಿ ಎದುರಿಗೆ ಕೊಟ್ಟ ಮಾತು, ವರ್ಷ ತುಂಬೋವರೆಗೆ ಬಿಟ್ಟು ಹೋಗೋ ಹಾಗಿಲ್ಲ. ಜೀತ ರದ್ದು ಮಾಡೋ ಕಾನೂನು ಬಂದದ್ದು 1976ರಲ್ಲಿ, ನಾನಾಗ ದನ ಮೇಯಿಸ್ತಿದ್ದ ಹುಡುಗ.

ನಾನೂ ಪದ ಹಾಡೋನೇ. ಆದರೂ ಅಡಿಯರ ತುಡಿ ಕೇಳಿದರೆ ಬಾಯಿ ಮುಚ್ಚಿ ಕೂತ್ಕೋತೀನಿ. ಅವರ ಮಾತಿನೊಳಗೆ ಅಲ್ಲಲ್ಲಿ ನಮ್ಮ ಕನ್ನಡವೂ ಇಣುಕುತ್ತೆ. ಹೋದ ವರ್ಷ ಒಬ್ಬ ನೆಂಟ ಫೋನು ಎತ್ತಿದ. ಮೊದಲು ಕೇಳಪ್ಪಾ, ಆಮೇಲೆ ಹಿಡ್ಕೊ ಅಂದೆ. ಸಂಜೆಯಾದರೂ ಅವನು ಎದ್ದಿರಲಿಲ್ಲ.