ಎಡಗಡೆಯ ಉಪ್ಪಿನಕಾಯಿ

"ಉಪ್ಪಿನಕಾಯಿ ಎಲ್ಲೋ?" ಅಂದರು ಅಪ್ಪ. ತಟ್ಟೆಯ ಎಡಗಡೆಯೇ ಇತ್ತು. ಬಲಗಡೆಯ ಪಲ್ಯ ಖಾಲಿ, ಎಡಗಡೆಯ ಅನ್ನ ಹಾಗೇ ಇದೆ.

ಸ್ಟ್ರೋಕ್ ಆಗಿ ಮನೆಗೆ ಬಂದಾಗ ಡಿಸ್ಚಾರ್ಜ್ ಹಾಳೆಯಲ್ಲಿ 'ಲೆಫ್ಟ್ ನೆಗ್ಲೆಕ್ಟ್' ಎಂದಿತ್ತು. ಎಂಟೆಕ್ ಓದಿದ ನಾನು, ಎಡಗೈಯನ್ನು ನಾವೇ ಅಲಕ್ಷಿಸಿದ್ದೇವೆ ಎಂಬ ದೂರು ಅಂದುಕೊಂಡು ಸಿಟ್ಟಾಗಿದ್ದೆ! ಆಕ್ಯುಪೇಷನಲ್ ಥೆರಪಿಸ್ಟ್ ಹಿಂದಿಯಲ್ಲಿ ಬಿಡಿಸಿ ಹೇಳಿದರು: ಕಣ್ಣು ಸರಿಯಿದೆ, ಪೆಟ್ಟು ಬಿದ್ದಿರುವುದು ಮೆದುಳಿನ ಬಲಭಾಗಕ್ಕೆ, ಗಮನ ಎಡಕ್ಕೆ ಹೋಗುತ್ತಿಲ್ಲ. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಅದು ಕಾಣುವವರೆಗೂ ಅವರು ತಲೆ ತಿರುಗಿಸಲಿ. ಅಂಗಿ ತೊಡಿಸುವಾಗ ಎಡಗೈ ಮೊದಲು. ಅಪ್ಪನಿಗೆ ಹಿಂದಿ ಬಾರದು. ಕನ್ನಡದಲ್ಲಿ ದಾಟಿಸುವ ಪಾಳಿ ನನ್ನದು.

ಸಂಜೆ ಲೋಧಿ ಕಾಲೋನಿಯ ಚಿತ್ರದ ಗೋಡೆಗಳ ಮುಂದೆ ಅದೇ ಅಭ್ಯಾಸ.

"ಎಡಕ್ಕೆ ನೋಡಿ ಅಪ್ಪ."

"ನೋಡಿದೆನಲ್ಲೋ."

ಅರ್ಧ ಗೋಡೆ ಇನ್ನೂ ಉಳಿದಿತ್ತು.